ಕೈಗೆ ಸಿಕ್ಕೇಬಿಟ್ಟಿತು ಅನ್ನುವಾಗ ತಪ್ಪಿದ ಬಸ್ಸು: 15 ಮೀಟರಿನ ಒಂದು ಪ್ರಕರಣ

"ಮೇಡಂ, ಡ್ರೈವರ್ ನನ್ನನ್ನ ನೋಡಿ ಬೇಕಂತಲೇ ಜೋರು ಮಾಡಿದ್ರು."

ಒಂದು ಸೋಮವಾರ ಎರಡನೇ ಪೀರಿಯಡ್ಡಿಗೆ ಏದುಸಿರು ಬಿಡುತ್ತಾ ಬಂದ ಮೊದಲ ಪಿಯುಸಿ ಹುಡುಗಿ ಹೇಳಿದ ಮಾತು ಇದು. ಅವಳ ಊರಿನಿಂದ ನಮ್ಮ ಕಾಲೇಜಿನ ಹೊತ್ತಿಗೆ ಸರಿಹೋಗುವ ಬಸ್ಸು ಒಂದೇ. ಅದು ತಪ್ಪಿದರೆ ಮುಖ್ಯರಸ್ತೆಯ ತನಕ ನಡೆದು ಆಟೋ ಹಿಡಿಯಬೇಕು. ಅವತ್ತು ಹಾಗೇ ಬಂದಿದ್ದಳು. ಬೇಜಾರು ತಡವಾದದ್ದಕ್ಕಲ್ಲ, ಡ್ರೈವರ್ ಹಾಗೆ ಮಾಡಿದರಲ್ಲ ಅನ್ನುವುದಕ್ಕೆ.

ಏನಾಯಿತು ಹೇಳಮ್ಮ ಅಂತ ಕೂರಿಸಿ ಕೇಳಿದೆ. "ಡೈರಿ ಮೂಲೆ ತಿರುಗಿದೆ. ಆಗಲೇ ಓಡ್ತಾನೇ ಇದ್ದೆ. ಕಂಡಕ್ಟರ್ ರೈಟ್ ಅಂದ್ರು, ಬಸ್ಸು ಹೊರಡ್ತು. ಆದ್ರೂ ಹತ್ತಿರ ಹತ್ತಿರ ಬಂತು. ಇನ್ನೇನು ಕಂಬಿ ಹಿಡೀಬೇಕು, ಅಷ್ಟರಲ್ಲಿ ಜೋರು ಮಾಡಿಬಿಟ್ರು."

ನೇರ ರೇಖೆಯ ಚಲನೆಯ ಪಾಠ ನಾನು ವರ್ಷವರ್ಷವೂ ಮಾಡುತ್ತೇನೆ. ಒಬ್ಬರು ಒಂದೇ ವೇಗದಲ್ಲಿ ಬೆನ್ನಟ್ಟುವುದು, ಇನ್ನೊಬ್ಬರು ನಿಂತಲ್ಲಿಂದ ಹೊರಟು ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುವುದು. ಈ ಲೆಕ್ಕ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಮಕ್ಕಳು ಸೂತ್ರಕ್ಕೆ ಅಂಕಿ ಹಾಕಿ ಉತ್ತರ ಬರೆದು ಮುಂದೆ ಹೋಗುತ್ತಾರೆ. ಆದರೆ ಈ ಹುಡುಗಿಯ ಮಾತಿನಲ್ಲಿ ಆ ಲೆಕ್ಕದ ಜೀವವೇ ಇತ್ತು. ಹತ್ತಿರ ಬಂತು, ಆಮೇಲೆ ದೂರ ಹೋಯಿತು. ಡ್ರೈವರ್ ಏನಾದರೂ ಮಾಡಿದ್ದರಿಂದ ಹಾಗಾಯಿತಾ, ಏನೂ ಮಾಡದೆಯೂ ಹಾಗೇ ಆಗುತ್ತಿತ್ತಾ? ಇದಕ್ಕೆ ಉತ್ತರ ಹುಡುಕಬಹುದು. ಒಬ್ಬರ ಮೇಲೆ ಆರೋಪ ಇದೆ ಅಂದಮೇಲೆ ಹುಡುಕಲೇಬೇಕು ಅಂತ ನನಗೆ ಅನ್ನಿಸಿತು. ಆ ವಾರ ಅಳತೆಗೆ, ಮುಂದಿನ ವಾರದ ನಾಲ್ಕು ತರಗತಿಗಳನ್ನು ಲೆಕ್ಕಕ್ಕೆ ಇಟ್ಟೆ.

ಅದಕ್ಕೂ ಮೊದಲು ಅವಳಿಗೆ ಒಂದು ಮಾತು ಹೇಳಿದೆ. ಹೊರಟ ಬಸ್ಸನ್ನು ಓಡಿ ಹತ್ತಬೇಡ. ಲೆಕ್ಕದಲ್ಲಿ ಬಸ್ಸು ಸಿಗುವುದು ಬೇರೆ, ಕಾಲು ಮೆಟ್ಟಿಲ ಮೇಲೆ ಸರಿಯಾಗಿ ಕೂರುವುದು ಬೇರೆ.

ಅಳತೆ

ಲೆಕ್ಕಕ್ಕೆ ಮೂರು ಸಂಖ್ಯೆ ಬೇಕು. ಬಸ್ಸು ಹೊರಟ ಕ್ಷಣದಲ್ಲಿ ಅವಳಿಗೂ ಬಾಗಿಲಿಗೂ ಇದ್ದ ದೂರ. ಅವಳ ವೇಗ. ಬಸ್ಸಿನ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ಅದರ ವೇಗ ಎಷ್ಟು ಹೆಚ್ಚುತ್ತದೆ ಅನ್ನುವುದು.

ದೂರ ಸುಲಭ. ಬಸ್ಸು ದಿನಾ ಅರಳಿಕಟ್ಟೆಯ ಮುಂದೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಬಾಗಿಲು ಹಿಂದೆ ಇದೆ. ಡೈರಿ ಮೂಲೆಯಿಂದ ಆ ಬಾಗಿಲಿನ ಕಂಬಿಯವರೆಗೆ ಟೇಪು ಹಿಡಿದರೆ 15 ಮೀಟರ್. ಇಲ್ಲೇ ಒಬ್ಬ ಹುಡುಗ ಬಸ್ಸಿನ ಮುಂಭಾಗದ ತನಕ ಅಳೆದು 25 ಅಂತ ಬರೆದುಕೊಂಡು ಬಂದಿದ್ದ. ಅವನನ್ನು ತಡೆದು ಕೇಳಿದೆ, ಅವಳಿಗೆ ಬೇಕಿರುವುದು ಬಸ್ಸಿನ ಯಾವ ಭಾಗ? ಹಿಂಬಾಲಿಸುವ ಲೆಕ್ಕದಲ್ಲಿ ಅರ್ಧ ತಪ್ಪು ಇಲ್ಲೇ ಹುಟ್ಟುತ್ತದೆ. ಇಬ್ಬರಿಗೂ ಒಂದೇ ಸೊನ್ನೆ ಇರಬೇಕು, ಒಂದೇ ಗಡಿಯಾರ ಇರಬೇಕು. ನಾವು ಡೈರಿ ಮೂಲೆಯನ್ನು ಸೊನ್ನೆ ಮಾಡಿಕೊಂಡೆವು. ಕಂಡಕ್ಟರ್ "ರೈಟ್" ಅಂದು ಚಕ್ರ ಅಲುಗಿದ ಕ್ಷಣ ಗಡಿಯಾರದ ಸೊನ್ನೆ.

ಅವಳ ವೇಗವನ್ನು ಕಾಲೇಜಿನ ಮೈದಾನದಲ್ಲಿ ಅಳೆದೆವು. ಬೆನ್ನಿಗೆ ಅದೇ ಬ್ಯಾಗು. ಸ್ವಲ್ಪ ಹಿಂದಿನಿಂದ ಓಡಿಬಂದು ಗೆರೆ ದಾಟಿದ ಮೇಲೆ 50 ಮೀಟರ್ ಓಟ. ಮೂಲೆ ತಿರುಗುವಾಗ ಅವಳು ಆಗಲೇ ಓಡುತ್ತಿದ್ದಳಲ್ಲ, ಅದಕ್ಕೇ ಹೀಗೆ. ಎರಡು ಸಲವೂ ಹತ್ತಿರ ಹತ್ತಿರ 10 ಸೆಕೆಂಡ್ ಬಂತು. ಸೆಕೆಂಡಿಗೆ 5 ಮೀಟರ್.

ಬಸ್ಸಿನದು ಕಷ್ಟದ ಕೆಲಸ. ಅವಳ ಊರಿನಿಂದ ಬರುವ ಇನ್ನಿಬ್ಬರು ರಸ್ತೆ ಬದಿಯಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಬಾಗಿಲು ನಿಲ್ಲುವ ಜಾಗದಿಂದ 2 ಮೀಟರಿಗೆ ಒಂದು, 8 ಮೀಟರಿಗೆ ಒಂದು, 18 ಮೀಟರಿಗೆ ಒಂದು. ಈ ಸಂಖ್ಯೆಗಳು ಸುಮ್ನೆ ಆರಿಸಿದ್ದಲ್ಲ. ನಿಂತಲ್ಲಿಂದ ಹೊರಟ ವಸ್ತುವಿನ ವೇಗ ಸಮನಾಗಿ ಹೆಚ್ಚುತ್ತಿದ್ದರೆ, ಸಮಾನ ಅವಧಿಗಳಲ್ಲಿ ಅದು ಸಾಗುವ ದೂರಗಳು 1, 3, 5, 7 ಹೀಗೆ ಬೆಸಸಂಖ್ಯೆಗಳ ಲೆಕ್ಕದಲ್ಲಿ ಬೆಳೆಯುತ್ತವೆ. ಗೆಲಿಲಿಯೊ 1638ರಲ್ಲೇ ಪ್ರಕಟಿಸಿದ ವಿಷಯ ಇದು. 2 ಆದಮೇಲೆ 6 ಸೇರಿದರೆ 8, ಮತ್ತೆ 10 ಸೇರಿದರೆ 18. ಮೂರೂ ಗುರುತು ದಾಟಲು ಸಮ ಅಂತರದ ಸಮಯ ಬಂದರೆ ವೇಗೋತ್ಕರ್ಷ ಸ್ಥಿರವಾಗಿದೆ ಅಂತ ನಂಬಬಹುದು.

ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾಲ್ಕು ಬೆಳಗ್ಗೆ ನೋಡಿದರು. ಸುಮಾರು 2, 4, 6 ಸೆಕೆಂಡ್. 18 ಮೀಟರ್ ಗುರುತಿಗೆ ಒಂದು ದಿನ 5.8, ಇನ್ನೊಂದು ದಿನ 6.3. ನಾವು 6 ಅಂತ ಇಟ್ಟುಕೊಂಡೆವು. ದೂರ ಅಂದರೆ ವೇಗೋತ್ಕರ್ಷದ ಅರ್ಧಕ್ಕೆ ಸಮಯದ ವರ್ಗ ಗುಣಿಸಿದ್ದು. ಹಾಗಾಗಿ 18ರ ಎರಡರಷ್ಟನ್ನು 36ರಿಂದ ಭಾಗಿಸಿದರೆ 1. ಬಸ್ಸಿನ ವೇಗ ಪ್ರತಿ ಸೆಕೆಂಡಿಗೆ 1 ಮೀಟರ್/ಸೆಕೆಂಡ್ ಹೆಚ್ಚುತ್ತಿದೆ.

ಒಂದು ವಿಷಯ ಗಮನಿಸಿ. ಈ ನಾಲ್ಕು ದಿನವೂ ಬಸ್ಸಿನ ಹಿಂದೆ ಯಾರೂ ಓಡುತ್ತಿರಲಿಲ್ಲ. ಅಂದರೆ ಇದು ಆ ಡ್ರೈವರ್ ಯಾರನ್ನೂ ನೋಡದೆ, ದಿನನಿತ್ಯದ ಹಾಗೆ ಬಸ್ಸು ಎತ್ತಿದಾಗಿನ ಸಂಖ್ಯೆ. ಇದರಿಂದಲೇ ಅವಳ ಅನುಭವ ಹೊರಬಂದರೆ ಆರೋಪ ನಿಲ್ಲುವುದಿಲ್ಲ.

ಮೊದಲ ಪ್ರಯತ್ನಗಳು

ಸೂತ್ರ ಹೇಳಿಕೊಡದೆ, ನೀವೇ ಮಾಡಿ ಅಂತ ಬಿಟ್ಟೆ.

ಮುಂದಿನ ಬೆಂಚಿನವರು ಬೇಗ ಮುಗಿಸಿದರು. "15 ಮೀಟರ್, ಸೆಕೆಂಡಿಗೆ 5. ಮೂರು ಸೆಕೆಂಡಿಗೆ ಸಿಗುತ್ತೆ." ಮೂರು ಸೆಕೆಂಡಿಗೆ ಅವಳು ತಲುಪುವುದು ಬಸ್ಸು ಮೊದಲು ನಿಂತಿದ್ದ ಜಾಗಕ್ಕೆ. ಬಸ್ಸು ಅಲ್ಲಿಲ್ಲ ಅಲ್ವಾ?

ಇನ್ನೊಬ್ಬಳ ವಾದ ಗಟ್ಟಿಯಾಗಿತ್ತು. "ಮೂರನೇ ಸೆಕೆಂಡಿನಲ್ಲಿ ಬಸ್ಸಿನ ವೇಗ 3. ಅವಳದು 5. ಅವಳೇ ಜಾಸ್ತಿ ವೇಗದಲ್ಲಿ ಇದ್ದಾಳೆ. ಸಿಗಲೇಬೇಕು." ಇದು ತುಂಬಾ ಸಹಜವಾದ ತಪ್ಪು, ದೊಡ್ಡವರೂ ಮಾಡುತ್ತಾರೆ. ವೇಗ ಜಾಸ್ತಿ ಇದೆ ಅಂದರೆ ಅಂತರ ಕಡಿಮೆಯಾಗುತ್ತಿದೆ ಎಂದಷ್ಟೇ ಅರ್ಥ. ಆ ಅಂತರ ಸೊನ್ನೆ ಆಗುವವರೆಗೂ ಅವಳ ವೇಗವೇ ಜಾಸ್ತಿ ಉಳಿಯುತ್ತದಾ ಅನ್ನುವುದು ಬೇರೆ ಪ್ರಶ್ನೆ.

ನನ್ನ ಮನಸ್ಸಿಗೆ ಹತ್ತಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗ ಮಾಡಿದ ಕೆಲಸ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷಿನ ಪಠ್ಯ ಅವನಿಗೆ ಇನ್ನೂ ಒಗ್ಗಿರಲಿಲ್ಲ. ಅವನು ಸೂತ್ರದ ಕಡೆ ಹೋಗಲೇ ಇಲ್ಲ, ಹೆಜ್ಜೆ ಹೆಜ್ಜೆಯಾಗಿ ಬೆನ್ನಟ್ಟಿದ. ಅವಳು 15 ಮೀಟರ್ ಓಡಲು 3 ಸೆಕೆಂಡ್. ಅಷ್ಟರಲ್ಲಿ ಬಸ್ಸು 4.5 ಮೀಟರ್ ಮುಂದೆ. ಅದನ್ನು ಮುಟ್ಟಲು 0.9 ಸೆಕೆಂಡ್. ಅಷ್ಟರಲ್ಲಿ ಬಸ್ಸು ಇನ್ನೂ 3.1 ಮೀಟರ್ ಮುಂದೆ. ಅದಕ್ಕೆ 0.62 ಸೆಕೆಂಡ್. ಆಮೇಲೆ 0.52. ಆಮೇಲೆ 0.50.

ಇಷ್ಟರವರೆಗೆ ಅವನಿಗೆ ಖುಷಿ. ಕಡಿಮೆಯಾಗುತ್ತಾ ಬರುತ್ತಿದೆ, ಎಲ್ಲೋ ಒಂದು ಕಡೆ ಸೊನ್ನೆ ಆಗುತ್ತದೆ ಅಂತ. ಮುಂದಿನದು 0.53 ಬಂತು. ಅಳಿಸಿ ಮತ್ತೆ ಮಾಡಿದ. ಮತ್ತೆ 0.53. ಎದ್ದು ನಿಂತು ಹೇಳಿದ: "ಮೇಡಂ, ಕಡಿಮೆ ಆಗ್ತಾ ಇದ್ದದ್ದು ಮತ್ತೆ ಜಾಸ್ತಿ ಆಗ್ತಾ ಇದೆ."

ತರಗತಿ ನಿಶ್ಶಬ್ದವಾಯಿತು. ಬಸ್ಸು ತಪ್ಪಿದ ಹುಡುಗಿ ತಿರುಗಿ ಅವನ ಪುಸ್ತಕದ ಕಡೆ ನೋಡಿದಳು. ಅವಳು ಸೋಮವಾರ ಕಂಡದ್ದು ಇದನ್ನೇ.

ಸಮೀಕರಣ

ಈಗ ಬೋರ್ಡಿಗೆ ಬಂದೆವು. ಸಮಯವನ್ನು "ಕಾ" ಅನ್ನೋಣ, ಸೆಕೆಂಡುಗಳಲ್ಲಿ. ಅವಳು ಡೈರಿ ಮೂಲೆಯಿಂದ 5ಕಾ ಮೀಟರ್ ದೂರದಲ್ಲಿ ಇರುತ್ತಾಳೆ. ಬಾಗಿಲು 15 + ½ಕಾ² ಮೀಟರ್ ದೂರದಲ್ಲಿ ಇರುತ್ತದೆ. ಸಿಗುವುದು ಅಂದರೆ ಒಂದೇ ಹೊತ್ತಿನಲ್ಲಿ ಇಬ್ಬರೂ ಒಂದೇ ಜಾಗದಲ್ಲಿ ಇರುವುದು. ಬರೆಯಬೇಕಾದ್ದು ಇಷ್ಟೇ:

5ಕಾ = 15 + ½ಕಾ²

ಒಂದೇ ಕಡೆ ತಂದರೆ ½ಕಾ² − 5ಕಾ + 15 = 0. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರೂ ಮಾಡಿದ ವರ್ಗ ಸಮೀಕರಣ. ಶೋಧಕ, ಅಂದರೆ ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಸಂಖ್ಯೆ, ತೆಗೆದರೆ 25 − 30, ಅಂದರೆ −5. ವರ್ಗಮೂಲದೊಳಗೆ ಋಣ ಸಂಖ್ಯೆ. "ಮೂಲಗಳಿಲ್ಲ" ಅಂತ ಬರೆದು ಎಲ್ಲರೂ ಪೆನ್ನು ಕೆಳಗಿಟ್ಟರು.

ನನಗೆ ಬೇಸರವಾಗುವುದು ಈ ಜಾಗದಲ್ಲಿ. ಪರೀಕ್ಷೆಗೆ ಅಷ್ಟು ಸಾಕು, ನಿಜ. ಬಸ್ಸು ಸಿಗುವುದಿಲ್ಲ, ಅಂಕ ಸಿಗುತ್ತದೆ. ಆದರೆ ಆ −5 ಸುಮ್ಮನೆ "ಇಲ್ಲ" ಅನ್ನುತ್ತಿಲ್ಲ. ಎಷ್ಟರಲ್ಲಿ ತಪ್ಪಿತು ಅಂತಲೂ ಹೇಳುತ್ತಿದೆ. ಕೇಳಿಸಿಕೊಳ್ಳಬೇಕು.

ಸಮೀಕರಣ ಪಕ್ಕಕ್ಕಿಟ್ಟು, ಪ್ರತಿ ಸೆಕೆಂಡಿಗೆ ಅವಳಿಗೂ ಬಾಗಿಲಿಗೂ ಎಷ್ಟು ಅಂತರ ಅಂತ ಬರೆಯಿರಿ ಅಂದೆ. ಅಂತರ ಅಂದರೆ 15 − 5ಕಾ + ½ಕಾ². ಸೊನ್ನೆಯಿಂದ ಹತ್ತನೇ ಸೆಕೆಂಡಿನವರೆಗೆ ಬಂದದ್ದು ಹೀಗೆ:

15, 10.5, 7, 4.5, 3, 2.5, 3, 4.5, 7, 10.5, 15

ಈ ಸಾಲನ್ನು ಹುಡುಗಿ ಎದ್ದು ಬಂದು ತಾನೇ ಬೋರ್ಡಿನ ಮೇಲೆ ಬರೆದಳು. ಹೋಗುವಾಗ ಹೇಗೋ ಬರುವಾಗಲೂ ಹಾಗೇ. ಐದನೇ ಸೆಕೆಂಡಿನಲ್ಲಿ ಎರಡೂವರೆ ಮೀಟರ್. ನಮ್ಮ ಹಿರಿಯರ ಲೆಕ್ಕದಲ್ಲಿ ಒಂದೂವರೆ ಮಾರಿಗಿಂತ ಕಡಿಮೆ. ಕೈ ಚಾಚಿ ಇನ್ನೊಂದು ಜಿಗಿತ ಜಿಗಿದರೆ ಸಿಕ್ಕೀತು ಅನ್ನಿಸುವಷ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಹಾಗೆ. ಅಲ್ಲಿಂದ ಮುಂದೆ ಅಂತರ ತಾನಾಗಿಯೇ ಬೆಳೆಯುತ್ತದೆ. ಹತ್ತನೇ ಸೆಕೆಂಡಿಗೆ ಅವಳು ಮೊದಲಿನಷ್ಟೇ ಹಿಂದೆ, 15 ಮೀಟರ್.

ಈ ಇಡೀ ಹತ್ತು ಸೆಕೆಂಡಿನಲ್ಲಿ ಡ್ರೈವರ್ ಮಾಡಿದ್ದು ಒಂದೇ ಕೆಲಸ. ಕಾಲು ಒಂದೇ ಹದದಲ್ಲಿ ಒತ್ತಿ ಹಿಡಿದದ್ದು. ಐದನೇ ಸೆಕೆಂಡಿನಲ್ಲಿ ಅವರು ಹೊಸದಾಗಿ ಏನೂ ಮಾಡಲಿಲ್ಲ. ಬಸ್ಸಿನ ವೇಗ 4.9 ಇದ್ದದ್ದು 5 ಆಯಿತು, ಆಮೇಲೆ 5.1 ಆಯಿತು. ಅವಳ ವೇಗವನ್ನು ದಾಟಿತು, ಅಷ್ಟೇ.

ಓಡುವವಳ ಕಣ್ಣಿನಿಂದ

ಹಾಗಾದರೆ ಅವಳಿಗೆ ಜೋರು ಮಾಡಿದಂತೆ ಕಂಡದ್ದು ಸುಳ್ಳಾ? ಅಲ್ಲವೇ ಅಲ್ಲ. ಅವಳು ಕಂಡದ್ದನ್ನು ಸರಿಯಾಗಿಯೇ ಹೇಳಿದ್ದಾಳೆ. ಅವಳು ನೋಡಿದ ಜಾಗ ಬೇರೆ.

ಅರಳಿಕಟ್ಟೆಯ ಮೇಲೆ ಕೂತವರಿಗೆ ಬಸ್ಸು ಶುರುವಿನಿಂದಲೂ ಮುಂದೆ ಹೋಗುತ್ತಿದೆ. ಓಡುತ್ತಿರುವವಳಿಗೆ ಹಾಗಲ್ಲ. ಅವಳ ಕಣ್ಣಿಗೆ ಬಾಗಿಲು ಮೊದಲು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ತನ್ನ ಕಡೆಗೇ ಬರುತ್ತದೆ. ಆ ವೇಗ ಪ್ರತಿ ಸೆಕೆಂಡಿಗೆ 1 ರಷ್ಟು ಇಳಿಯುತ್ತದೆ. 5, 4, 3, 2, 1. ಐದನೇ ಸೆಕೆಂಡಿಗೆ ಬಾಗಿಲು ಅವಳ ಮುಂದೆ ಒಂದು ಕ್ಷಣ ನಿಂತುಬಿಡುತ್ತದೆ. ಆಮೇಲೆ ತಿರುಗಿ ದೂರ ಸರಿಯುತ್ತದೆ. ಮೇಲಕ್ಕೆ ಎಸೆದ ಚೆಂಡಿನ ಹಾಗೇ ಇದು. ಚೆಂಡು ಏರುತ್ತಾ ನಿಧಾನವಾಗುತ್ತದೆ, ತುದಿಯಲ್ಲಿ ನಿಲ್ಲುತ್ತದೆ, ಇಳಿಯುತ್ತದೆ. ತುದಿಯಲ್ಲಿ ಯಾರೋ ಅದನ್ನು ಕೆಳಕ್ಕೆ ತಳ್ಳಿದರು ಅಂತ ನಾವು ಅನ್ನುವುದಿಲ್ಲ. ಭೂಮಿ ಶುರುವಿನಿಂದಲೂ ಒಂದೇ ಸಮ ಎಳೆಯುತ್ತಿತ್ತು.

ಇದನ್ನೇ ಸಾಪೇಕ್ಷ ವೇಗ ಅನ್ನುವುದು. ಹೀಗೆ ನೋಡಿದರೆ ವರ್ಗ ಸಮೀಕರಣವೂ ಬೇಕಾಗಿಲ್ಲ. 5ರ ವೇಗದಲ್ಲಿ ಹೊರಟದ್ದು, ಸೆಕೆಂಡಿಗೆ 1 ರಷ್ಟು ಕುಗ್ಗುತ್ತಾ, ನಿಲ್ಲುವ ಮೊದಲು ಎಷ್ಟು ದೂರ ಬರುತ್ತದೆ? ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ: 25 ಭಾಗಿಸು 2, ಅಂದರೆ 12.5 ಮೀಟರ್. ಬೇಕಿದ್ದದ್ದು 15. ಉಳಿದದ್ದು 2.5. ಬಾಯಿಲೆಕ್ಕದಲ್ಲಿ ಮುಗಿಯಿತು.

ಈಗ ಆ −5ಕ್ಕೆ ಹಿಂತಿರುಗಿ. ಅದನ್ನು ವೇಗೋತ್ಕರ್ಷದ ಎರಡರಷ್ಟರಿಂದ, ಅಂದರೆ 2ರಿಂದ ಭಾಗಿಸಿದರೆ −2.5. ಅದೇ ಎರಡೂವರೆ ಮೀಟರ್. ಋಣ ಚಿಹ್ನೆ "ಸಾಲಲಿಲ್ಲ" ಅನ್ನುತ್ತದೆ, ಸಂಖ್ಯೆ "ಇಷ್ಟು ಸಾಲಲಿಲ್ಲ" ಅನ್ನುತ್ತದೆ. ಮಕ್ಕಳು ಪೆನ್ನು ಕೆಳಗಿಟ್ಟ ಜಾಗದಲ್ಲೇ ಉತ್ತರ ಕೂತಿತ್ತು.

12 ಮೀಟರ್ ಇದ್ದಿದ್ದರೆ

"ಮೂರು ಮೀಟರ್ ಮುಂದೆ ಇದ್ದಿದ್ರೆ?" ಅಂತ ಹುಡುಗಿಯೇ ಕೇಳಿದಳು. 15ರ ಜಾಗದಲ್ಲಿ 12 ಹಾಕಿದರೆ ಎರಡು ಉತ್ತರ ಬರುತ್ತವೆ: 4 ಸೆಕೆಂಡ್ ಮತ್ತು 6 ಸೆಕೆಂಡ್. ಹೆಚ್ಚಿನವರು 6ನ್ನು ಹೊಡೆದುಹಾಕಿದರು. ಯಾಕೆ ಅಂದರೆ, "ಎರಡು ಬಂದರೆ ಒಂದನ್ನ ಬಿಡಬೇಕು ಮೇಡಂ."

ಇದು ನನಗೆ ಸುತಾರಾಂ ಒಪ್ಪಿಗೆಯಿಲ್ಲದ ಅಭ್ಯಾಸ. ಋಣ ಸಮಯ ಬಂದಿದ್ದರೆ ಬಿಡುವುದಕ್ಕೆ ಕಾರಣ ಇರುತ್ತಿತ್ತು, ನಮ್ಮ ಕಥೆ ಸೊನ್ನೆಯಿಂದ ಶುರುವಾಗಿದೆ. 6 ಧನ ಸಂಖ್ಯೆ. ಅದೂ ನಿಜವಾಗಿ ನಡೆಯುವ ಘಟನೆ. ನಾಲ್ಕನೇ ಸೆಕೆಂಡಿನಲ್ಲಿ ಅವಳು ಬಾಗಿಲನ್ನು ಮುಟ್ಟುತ್ತಾಳೆ. ಆಗ ಬಸ್ಸಿನ ವೇಗ 4, ಅವಳದು 5. ಹತ್ತದೆ ಹಾಗೇ ಓಡುತ್ತಾ ಹೋದರೆ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾಳೆ. ಐದನೇ ಸೆಕೆಂಡಿಗೆ ಅರ್ಧ ಮೀಟರ್ ಮುಂದೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಆರನೇ ಸೆಕೆಂಡಿಗೆ ಬಾಗಿಲು ಮತ್ತೆ ಅವಳ ಪಕ್ಕಕ್ಕೆ ಬರುತ್ತದೆ, ಈ ಸಲ ಬಸ್ಸಿನ ವೇಗ 6. ಅವಳನ್ನು ಹಿಂದೆ ಹಾಕಿ ಹೋಗುತ್ತದೆ. ಎರಡು ಉತ್ತರಗಳ ನಡುವಿನ ಎರಡು ಸೆಕೆಂಡು ಅಂದರೆ ಕಂಬಿ ಅವಳ ಕೈಗೆಟುಕುವ ಹೊತ್ತು. ಒಂದನ್ನು ಹೊಡೆದುಹಾಕಿದರೆ ಆ ಹೊತ್ತು ಎಲ್ಲಿ ಮುಗಿಯುತ್ತದೆ ಅಂತ ಗೊತ್ತೇ ಆಗುವುದಿಲ್ಲ.

ಸರಿಯಾಗಿ 12.5 ಮೀಟರ್ ಆದರೆ ಎರಡು ಉತ್ತರ ಕೂಡಿ ಒಂದಾಗುತ್ತವೆ, 5 ಸೆಕೆಂಡ್. ಗ್ರಾಫಿನಲ್ಲಿ ಅವಳ ಓಟ ಒಂದು ಸರಳರೇಖೆ, ಬಸ್ಸಿನದು ಮೇಲಕ್ಕೆ ಬಾಗುವ ಪರವಲಯ. 12 ಮೀಟರಿಗೆ ರೇಖೆ ಅದನ್ನು ಎರಡು ಕಡೆ ಕತ್ತರಿಸುತ್ತದೆ. 12.5ಕ್ಕೆ ಸ್ಪರ್ಶಕವಾಗಿ ಮುಟ್ಟಿ ಹೋಗುತ್ತದೆ. 15ಕ್ಕೆ ಮುಟ್ಟುವುದೇ ಇಲ್ಲ. ದೂರ 15ರಲ್ಲೇ ಇರಲಿ, ವೇಗ ಎಷ್ಟು ಬೇಕಿತ್ತು ಅಂತ ಕೇಳಿದರೆ 30ರ ವರ್ಗಮೂಲ, ಸುಮಾರು 5.48.

12 ಮೀಟರಿನ ಈ ಲೆಕ್ಕವನ್ನು ನಾನು ಹುಷಾರಾಗಿ ನೋಡಿ ಅಂದೆ. ಇಲ್ಲಿ ಉಳಿತಾಯ ಇರುವುದು ಅರ್ಧ ಮೀಟರ್ ಮಾತ್ರ. ಅವಳು ನಿಂತಿದ್ದು, ಬಸ್ಸು ಅಲುಗಿದ್ದನ್ನು ಕಂಡ ಮೇಲೆ ಓಡಲು ಶುರುಮಾಡಿದರೆ? ತಡವಾದ ಪ್ರತಿ ಸೆಕೆಂಡಿಗೂ 5 ಮೀಟರ್ ದೂರ ಸೇರಿದಂತೆ. ಅರ್ಧ ಮೀಟರ್ ಅಂದರೆ 0.1 ಸೆಕೆಂಡ್. ಓಟದ ಸ್ಪರ್ಧೆಗಳಲ್ಲಿ ಗುಂಡಿನ ಸದ್ದಾದ 0.1 ಸೆಕೆಂಡಿಗೂ ಮೊದಲೇ ಹೊರಟರೆ ಅದನ್ನು ತಪ್ಪು ಆರಂಭ ಅಂತ ಎಣಿಸುತ್ತಾರೆ, ಅಷ್ಟು ಬೇಗ ಯಾರೂ ಪ್ರತಿಕ್ರಿಯಿಸಲಾರರು ಅಂತ. ಅಂದರೆ ನಿಂತು ನೋಡಿ ಓಡುವವರಿಗೆ ಈ "ಸಿಗುವ" ಬಸ್ಸು ಸಿಗುವುದಿಲ್ಲ.

ಅಳತೆಯ ತಪ್ಪೂ ಹಾಗೇ. 5.8 ಸೆಕೆಂಡ್ ಬಂದ ದಿನ ವೇಗೋತ್ಕರ್ಷ 1.07. ಅವತ್ತು 11.7 ಮೀಟರಿನ ಒಳಗಿದ್ದರೆ ಮಾತ್ರ ಬಸ್ಸು ಸಿಗುತ್ತಿತ್ತು. 6.3 ಬಂದ ದಿನ ಅದು 0.91, ಸುಮಾರು 13.8 ಮೀಟರಿನ ತನಕ ಸಿಗುತ್ತಿತ್ತು. 12 ಮೀಟರಿನ ಪ್ರಶ್ನೆಗೆ ಒಂದು ದಿನ ಹೌದು, ಇನ್ನೊಂದು ದಿನ ಇಲ್ಲ. ಆದರೆ 15 ಮೀಟರಿಗೆ ಎರಡೂ ದಿನ ಇಲ್ಲ ಅಂತಲೇ ಉತ್ತರ. ಡ್ರೈವರ್ ಮೇಲಿನ ಆರೋಪ ಇತ್ಯರ್ಥ ಆದದ್ದು ಇಲ್ಲಿ. ಅವರು ನಾಲ್ಕು ದಿನದಲ್ಲಿ ಅತಿ ನಿಧಾನವಾಗಿ ಎತ್ತಿದ ದಿನವೂ ಅವಳಿಗೆ ಆ ಬಸ್ಸು ಸಿಗುತ್ತಿರಲಿಲ್ಲ.

ಮಳಖೇಡದ ಕಾಲದ ಲೆಕ್ಕ

ಮೂರನೇ ದಿನ ಮಕ್ಕಳಿಗೆ ಒಂದು ಹಳೆಯ ಲೆಕ್ಕ ಕೊಟ್ಟೆ. ಒಬ್ಬ ಮೊದಲು 3ರ ವೇಗದಲ್ಲಿ ಹೊರಟು, ಆಮೇಲೆ ಪ್ರತಿ ಸಲ (ದಿನಕ್ಕೊಮ್ಮೆ ಅಂದುಕೊಳ್ಳಿ) 8 ಹೆಚ್ಚಿಸಿಕೊಳ್ಳುತ್ತಾ ಹೋಗುತ್ತಾನೆ. ಇನ್ನೊಬ್ಬ ಒಂದೇ ಸಮ 21ರ ವೇಗದಲ್ಲಿ ಹೋಗುತ್ತಾನೆ. ಇಬ್ಬರೂ ಒಂದೇ ಕಡೆಯಿಂದ ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಭೇಟಿ?

ಇದು ಗಣಿತಸಾರಸಂಗ್ರಹದಲ್ಲಿದೆ. ಬರೆದವರು ಮಹಾವೀರಾಚಾರ್ಯರು, 9ನೇ ಶತಮಾನದವರು. ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರು ಕೊಟ್ಟ ದಾರಿ ಎಷ್ಟು ಚೆನ್ನ ನೋಡಿ. ಸ್ಥಿರ ವೇಗದಿಂದ ಮೊದಲ ವೇಗ ಕಳೆಯಿರಿ, ಹೆಚ್ಚಳದ ಅರ್ಧದಿಂದ ಭಾಗಿಸಿ, ಒಂದು ಕೂಡಿಸಿ. 21ರಿಂದ 3 ಹೋದರೆ 18. 4ರಿಂದ ಭಾಗಿಸಿದರೆ 4.5. ಒಂದು ಕೂಡಿಸಿದರೆ 5.5.

ಆ "ಅರ್ಧ" ನಮ್ಮ ಸೂತ್ರದ ½ ಕುಟುಂಬದ್ದೇ. ಒಂದು ಕೂಡಿಸುವುದು ಯಾಕೆ ಅಂದರೆ ಅಲ್ಲಿ ವೇಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮೊದಲ ದಿನ ಹೆಚ್ಚಳ ಇಲ್ಲ. ನಮ್ಮ ಬಸ್ಸಿನ ಹಾಗೆ ಎಡೆಬಿಡದೆ ಏರಿದ್ದರೆ 4.5 ಆಗುತ್ತಿತ್ತು. ಹಿಂದಿನ ಬೆಂಚಿನ ಹುಡುಗ ಇಲ್ಲೂ ಹೆಜ್ಜೆ ಹೆಜ್ಜೆಯಾಗಿ ಹೋದ. ಐದು ದಿನಕ್ಕೆ ಒಬ್ಬ 95, ಇನ್ನೊಬ್ಬ 105. ಆರನೇ ದಿನ ಮೊದಲಿನವನ ವೇಗ 43, ಅಂತರ 10, ದಿನಕ್ಕೆ 22 ಮುಚ್ಚುತ್ತದೆ. ಹಾಗಾಗಿ 5 ದಿನ ಮತ್ತು ಹನ್ನೊಂದರಲ್ಲಿ ಐದು ಭಾಗ. ಅರ್ಧಕ್ಕೆ ಚೂರು ಕಡಿಮೆ. ಶ್ರೇಢಿಯ, ಅಂದರೆ ಒಂದೇ ಸಮ ಏರುವ ಸಂಖ್ಯೆಗಳ ಸಾಲಿನ, ಮೊತ್ತದ ಸೂತ್ರವನ್ನು ಪೂರ್ಣವಲ್ಲದ ದಿನಕ್ಕೂ ಹಚ್ಚಿದ್ದರಿಂದ ಬಂದ ವ್ಯತ್ಯಾಸ ಅದು. ಅವನು ಅದನ್ನು ಹಿಡಿದದ್ದು ನನಗೆ ಎಷ್ಟು ಸಂತೋಷ ಕೊಟ್ಟಿತು ಅಂದರೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ.

ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಋಣ ಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ. ಬೋರ್ಡಿನ ಮೇಲೆ ಇನ್ನೂ ಇದ್ದ −5ನ್ನು ತೋರಿಸಿ ಇದನ್ನು ಹೇಳಿದೆ. ಬೆನ್ನಟ್ಟುವ ಲೆಕ್ಕ ಕೊಟ್ಟವರೂ ಅವರೇ, ಈ ಮಾತು ಹೇಳಿದವರೂ ಅವರೇ. ನಮ್ಮ ನೆಲದವರು.

ಮೂಲ ಇರಬಾರದ ಲೆಕ್ಕ

"ಸಿಗದೇ ಇದ್ರೆ ಒಳ್ಳೇದು ಅನ್ನೋ ಲೆಕ್ಕನೂ ಇದೆಯಾ ಮೇಡಂ?" ಕೇಳಿದವಳ ತಂದೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಕಟಾವಿನ ಕಾಲದಲ್ಲಿ ರಾತ್ರಿ ಟ್ರಾಲಿಗಳ ಹಿಂದೆ ಬಂದು ಗುದ್ದುವ ಅಪಘಾತಗಳ ಭಯ ಅವಳ ಮನೆಯಲ್ಲಿ ದಿನದ ಮಾತು.

ಇದೆ. ಟ್ರ್ಯಾಕ್ಟರ್ ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್. ಹಿಂದಿನಿಂದ ಕಾರು ಗಂಟೆಗೆ 90, ಸೆಕೆಂಡಿಗೆ 25. ಬ್ರೇಕ್ ಹಾಕಿದರೆ ಪ್ರತಿ ಸೆಕೆಂಡಿಗೆ 5 ರಷ್ಟು ವೇಗ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಮೇಲೆ ಕೂತು ಹಿಂದೆ ನೋಡಿ. ಕಾರು 20ರ ವೇಗದಲ್ಲಿ ಹತ್ತಿರ ಬರುತ್ತಿದೆ. 400ನ್ನು 10ರಿಂದ ಭಾಗಿಸಿ: 40 ಮೀಟರ್. ಟ್ರಾಲಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಇನ್ನೂ 20. ಒಟ್ಟು 60 ಮೀಟರ್ ಮೊದಲೇ ಟ್ರಾಲಿ ಕಾಣಬೇಕು. ಹಿಂದೆ ಕೆಂಪು ದೀಪವೋ ಮಿನುಗುವ ಪಟ್ಟಿಯೋ ಇಲ್ಲದಿದ್ದರೆ ಕತ್ತಲಲ್ಲಿ ಅಷ್ಟು ದೂರಕ್ಕೆ ಕಾಣುವುದು ಕಷ್ಟ. ಅದೇ ಸಮೀಕರಣ, ಅದೇ ಶೋಧಕ. ಇಲ್ಲಿ ಅದು ಋಣವಾಗಲಿ ಅಂತ ನಾವು ಬಯಸುತ್ತೇವೆ. ಅವಳು 60 ಅನ್ನುವ ಸಂಖ್ಯೆಗೆ ಎರಡು ಗೆರೆ ಎಳೆದು ಮನೆಗೆ ತೆಗೆದುಕೊಂಡು ಹೋದಳು.

ಶುಕ್ರವಾರ

ಬಸ್ಸು ತಪ್ಪಿದ ಹುಡುಗಿ ಗುರುವಾರ ಡ್ರೈವರ್ ಹತ್ತಿರ ಮಾತಾಡಿದ್ದಳು. "ಅಣ್ಣ, ಹೋದ ಸೋಮವಾರ ನಾನು ಓಡಿ ಬರ್ತಿದ್ದೆ, ಕಾಣಲಿಲ್ವಾ?" ಅಂತ. "ಕನ್ನಡಿಯಲ್ಲಿ ಕಾಣಲಿಲ್ಲ ಕಣಮ್ಮ. ಕಂಡಿದ್ರೆ ನಿಲ್ಲಿಸ್ತಿದ್ದೆ, ಇನ್ಮೇಲೆ ಕೂಗು" ಅಂದರಂತೆ. ಕಂಡಕ್ಟರ್ ಕೂಡ, "ಒಂದು ಕೂಗು ಹಾಕು, ಹೋಲ್ಡಾನ್ ಅಂತೀನಿ" ಅಂದರಂತೆ. ಇದನ್ನು ಹೇಳುವಾಗ ಅವಳ ಮುಖದಲ್ಲಿ ಆ ಸೋಮವಾರದ ಬೇಜಾರು ಇರಲಿಲ್ಲ. ಬದಲಿಗೆ ಒಂದು ಹೊಸ ಪ್ರಶ್ನೆ ಇತ್ತು.

"ಮೇಡಂ, ಗೇರ್ ಬದಲಿಸುವಾಗ ಬಸ್ಸಿನ ವೇಗ ಹೆಚ್ಚಲ್ಲ ಅಲ್ವಾ? ಕ್ಲಚ್ ಒತ್ತಿರ್ತಾರೆ. ಆ ಹೊತ್ತಿನಲ್ಲಿ ನಾನು ಹತ್ತಿರ ಬರ್ತೀನಲ್ವಾ?"

ಎಂಥ ಪ್ರಶ್ನೆ! ತಾನೇ ಲೆಕ್ಕ ಹಾಕಿಯೂ ಬಂದಿದ್ದಳು. ನಾಲ್ಕನೇ ಸೆಕೆಂಡಿನಲ್ಲಿ ಗೇರ್ ಬದಲಾಯಿತು ಅಂದುಕೊಂಡಿದ್ದಳು. ಆಗ ಅಂತರ 3 ಮೀಟರ್, ಬಸ್ಸಿನ ವೇಗ 4. ಬಸ್ಸು ಅದೇ ವೇಗದಲ್ಲಿ ಹೋಗುವಷ್ಟು ಹೊತ್ತು ಅಂತರ ಸೆಕೆಂಡಿಗೆ 1 ಮೀಟರಿನಂತೆ ಕಡಿಮೆಯಾಗುತ್ತದೆ. ಮತ್ತೆ ವೇಗ ಏರತೊಡಗಿದ ಮೇಲೆ ಇನ್ನು ಅರ್ಧ ಮೀಟರ್ ಮಾತ್ರ ಮುಚ್ಚಲು ಸಾಧ್ಯ. ಹಾಗಾಗಿ ಗೇರಿಗೆ ಎರಡೂವರೆ ಸೆಕೆಂಡ್ ಹಿಡಿದರೆ ಸರಿಯಾಗಿ ಮುಟ್ಟುತ್ತಾಳೆ. ಒಂದು ಸೆಕೆಂಡ್ ಹಿಡಿದರೆ ಒಂದೂವರೆ ಮೀಟರಿನಲ್ಲಿ ತಪ್ಪುತ್ತದೆ.

ಲೆಕ್ಕ ಸರಿ ಇದೆ ಅಂದೆ. ಆದರೆ ನಾವು 18 ಮೀಟರಿಗೆ ಅಳೆದ 6 ಸೆಕೆಂಡಿನೊಳಗೆ ಗೇರಿನ ಹೊತ್ತೂ ಆಗಲೇ ಸೇರಿಕೊಂಡಿದೆಯಲ್ಲ, ಅದನ್ನು ಎರಡು ಸಲ ಎಣಿಸಿದಂತಾಗಲಿಲ್ವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದ್ರೆ ಗೇರಿನ ಮುಂಚೆದು ಬೇರೆ, ಆಮೇಲಿನದು ಬೇರೆ ಅಳೀಬೇಕು" ಅಂದಳು. ಸೋಮವಾರ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತು ಬರುತ್ತಾಳಂತೆ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು.